ಸೈಗಾನಿನಲ್ಲಿ ರಸ್ತೆ ದಾಟಿದ್ದು

ಆಗೆಲ್ಲ ನಮ್ಮ ಅಪ್ಪ ಅಮ್ಮಂದಿರು ಮಕ್ಕಳಿಗೆ ಹೊಡೆಯುವುದನ್ನು ಸಿಡ್ನಿ ಏರ್‌ಪೋರ್ಟಿನ ಆಚೆಗೆ ಮುಂದೂಡುತ್ತಿದ್ದರು. ಸಿಡ್ನಿಯ ಹೊರವಲಯದ ಸ್ಕೋಫೀಲ್ಡ್ಸ್ ಕಡೆ ಬೆಳೆದ ನನ್ನ ಓರಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಮಾಲ್‌ನಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದರೆ ಅಮ್ಮ ಬಗ್ಗಿ, ಮುಖದ ಮೇಲಿನ ನಗು ಕದಲದಂತೆ, ಕಿವಿಯಲ್ಲಿ ಹೇಳುತ್ತಿದ್ದಳು: "ಪ್ಲೇನ್ ಹತ್ತು ನೀನು. ಇಳಿದ ಮೇಲೆ ಇದೆ." ಇಲ್ಲಿ ಹೊಡೆದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರೆ, ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಕ್ಯಾನ್ಸಲ್ ಆಗುತ್ತದೆ ಎಂಬುದು ಪಕ್ಕದ ಬ್ಲ್ಯಾಕ್‌ಟೌನಿನ ಅಂಕಲ್ ಆಂಟಿಯರ ಪುರಾಣ. ಹಾಗೆ ಪಿಆರ್ ಕಳೆದುಕೊಂಡವರ ಹೆಸರು ಹೇಳಿ ಎಂದು ನಾನು ಎಷ್ಟು ಪೀಡಿಸಿದರೂ ಒಬ್ಬರೂ ಹೇಳಿಲ್ಲ. ಆದರೂ ಪುರಾಣ ತನ್ನ ಕೆಲಸ ಮಾಡುತ್ತಿತ್ತು. ಕೈಗಳು ಜೇಬಿನಲ್ಲೇ ಇರುತ್ತಿದ್ದವು.

ಬಾಲ್ಯವೆಂದರೆ ಮುಗ್ಧತೆ ಎಂದು ಬರೆಯುವವರ ಮೇಲೆ ನನ್ನದೊಂದು ತಕರಾರಿದೆ. ನನ್ನ ಬಾಲ್ಯದ ಅತ್ಯಂತ ಸಂತೋಷದ ರಜೆಯಲ್ಲಿ ನಾನು ಬೇಕಾದಷ್ಟು ರಕ್ತ ನೋಡಿದೆ. ಅದರಲ್ಲಿ ಸ್ವಲ್ಪ ನಾನೇ ಹರಿಸಿದ್ದು.

ಆಗ ನಾನು ಹತ್ತು ವರ್ಷದ ಹುಡುಗಿ. ಅಪ್ಪ ದಾವಣಗೆರೆಯವನು, ಕೆಲವು ವರ್ಷ ಬೆಂಗಳೂರಿನಲ್ಲಿ ಇದ್ದವನು. ಅವನ ಗೆಳೆಯ ವಿಲ್ಲಿ ಅಂಕಲ್ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಇಬ್ಬರೂ ಮೆಲ್ಬರ್ನಿಗೆ ಓದಲು ಬಂದ ಹೊಸದರಲ್ಲಿ ಒಂದೇ ಹಾಸಿಗೆ ಹಂಚಿಕೊಂಡು, ಒಂದೇ ಹೋಟೆಲಿನಲ್ಲಿ ತಟ್ಟೆ ತೊಳೆದವರು. ಆಮೇಲೆ ಅಪ್ಪನಿಗೆ ಸಿಡ್ನಿಯಲ್ಲಿ ಕೆಲಸವಾಯಿತು, ಅಂಕಲ್ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲೇ ಉಳಿದರು. ನಮ್ಮ ಕ್ರಿಸ್‌ಮಸ್ ಅವರ ಮನೆಯಲ್ಲಿ, ಅವರ ದೀಪಾವಳಿ ನಮ್ಮ ಮನೆಯಲ್ಲಿ. ನನ್ನ ಸೋದರಮಾವ, ಚಿಕ್ಕಪ್ಪ, ಅತ್ತೆ ಎಲ್ಲರೂ ಫೋನಿನೊಳಗಿದ್ದವರು. ಹೆಗಲ ಮೇಲೆ ಕೂರಿಸಿಕೊಳ್ಳಲು ಸಿಗುತ್ತಿದ್ದ ಬಂಧು ವಿಲ್ಲಿ ಅಂಕಲ್ ಒಬ್ಬರೇ. ಅವರ ಮಗ ಕ್ಲೈವ್‌ಗೆ ನನ್ನದೇ ವಯಸ್ಸು, ಮಗಳು ಝೋಯಿಗೆ ಐದು. ಆ ವರ್ಷ ಅಂಕಲ್‌ಗೆ ಸಿಡ್ನಿಗೆ ಟ್ರಾನ್ಸ್‌ಫರ್ ಕೇಳುವ ಅವಕಾಶ ಬಂದಿತ್ತು. ನಮ್ಮ ಮನೆಯ ಎದುರಿನ ಸೈಟು ಖಾಲಿಯಿತ್ತು. ರಜೆ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಎಂದು ಹೇಳುವುದಾಗಿ ಅಂಕಲ್ ಮಾತು ಕೊಟ್ಟಿದ್ದರು. ಅವರು ಹೂಂ ಎನ್ನಬೇಕು ಎಂಬುದಕ್ಕಿಂತ ದೊಡ್ಡ ಆಸೆ ನನಗೆ ಆಗ ಇರಲಿಲ್ಲ.

ಆ ರಜೆಯಲ್ಲಿ ಎರಡೂ ಮನೆಯವರು ವಿಯೆಟ್ನಾಮಿನ ಸೈಗಾನ್‌ಗೆ ಹೋದೆವು. ಹೋಟೆಲಿನ ಅಕ್ಕಪಕ್ಕದ ಕೋಣೆಗಳು, ನಡುವೆ ಒಂದು ಬಾಗಿಲು. ಅಮ್ಮ ಚಹಾ ಕಾಯಿಸುವ ಕೆಟಲ್‌ನಲ್ಲಿ ನೀರು ಕುದಿಸಿ ಪ್ಯಾಕೆಟ್ ಉಪ್ಪಿಟ್ಟಿಗೆ ಸುರಿದರೆ ಇಂಗಿನ ವಾಸನೆ. ಕಿಟಕಿ ತೆರೆದರೆ ಕೆಳಗಿನ ಗಾಡಿಯಿಂದ ಚಕ್ರಮೊಗ್ಗು ಹಾಕಿದ ಸಾರಿನ ಹಬೆ, ಸುಟ್ಟ ಹಂದಿಮಾಂಸ, ಪೆಟ್ರೋಲು. ನಾನೂ ಕ್ಲೈವೂ ಸ್ಲ್ಯಾಪ್ಸ್ ಆಡುತ್ತಿದ್ದೆವು: ಅಂಗೈ ಮೇಲೆ ಅಂಗೈ ಇಟ್ಟು, ಎದುರಿನವನು ಕೈ ಎಳೆದುಕೊಳ್ಳುವ ಮೊದಲೇ ಬಾರಿಸುವ ಆಟ. ಮುಂಗೈ ಕೆಂಪಾಗಿ ಊದುವವರೆಗೆ ಆಡುವುದು, ಅತ್ತವರು ಸೋತಂತೆ. ಒಂದು ದಿನ ಬೆಳಿಗ್ಗೆ ಅವನು ಮೋಸ ಮಾಡಿದ. ನಾನು ಅವನ ಹೆಗಲು ಕಚ್ಚಿದೆ. ಅವನು ಕೊಡವಿದ ಮೊಣಕೈ ನನ್ನ ತುಟಿಗೆ, ನನ್ನ ತಲೆ ಅವನ ಮೂಗಿಗೆ. ಬಿಳಿ ಹಾಸಿಗೆಯ ಮೇಲೆ ಕೆಂಪು ಹನಿ.

ಅಮ್ಮ ಬಂದವಳೇ ನನ್ನ ಕೆನ್ನೆಗೆ ಬಿಗಿದಳು. ಜನ್ಮದಲ್ಲಿ ಮೊದಲ ಪೆಟ್ಟು. ನೋವಿಗಿಂತ ಆಶ್ಚರ್ಯ ಹೆಚ್ಚು.

"ದಟ್ಸ್ ಅಸಾಲ್ಟ್!" ಎಂದೆ.

"ಕರಿ ಹೋಗು ಪೊಲೀಸ್‌ನ," ಎಂದಳು ಅಮ್ಮ. "ವಿಯೆಟ್ನಾಮೀಸ್ ಬರುತ್ತಾ ನಿಂಗೆ?"

ಕ್ಲೈವನ ಅಮ್ಮ ಐರಿನ್ ಆಂಟಿ ಅವನ ಮೂಗಿಗೆ ಟಿಶ್ಯೂ ತುರುಕುತ್ತ ಬಿದ್ದು ಬಿದ್ದು ನಕ್ಕರು. "ಎರಡನ್ನೂ ಒಂದು ಗೋಣಿಯಲ್ಲಿ ಹಾಕಿ ಕಟ್ಟಬೇಕು ಮಾರಾಯ್ತಿ, ಬೆಕ್ಕುಗಳ ಹಾಗೆ." ಹತ್ತು ನಿಮಿಷದಲ್ಲಿ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆವು. ಅಂಥ ಹೊಡೆದಾಟ ಅದು, ಮುಗಿಯಲೆಂದೇ ಶುರುವಾಗುವಂಥದ್ದು.

ಆ ಊರಿನಲ್ಲಿ ಅಪ್ಪ ಬೇರೆ ಮನುಷ್ಯನಾಗಿದ್ದ. ಸ್ಕೋಫೀಲ್ಡ್ಸ್‌ನಲ್ಲಿ ಅವನು ಕಸದ ಬಿನ್ ಎಳೆದು ಹೊರಗಿಡುವಾಗಲೂ ಸದ್ದಾಗದಂತೆ ನಡೆಯುತ್ತಿದ್ದ. ಇಲ್ಲಿ ಗಂಟಲು ತೆರೆದು ಮಾತಾಡಿದ, ಬೀದಿಬದಿಯ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲಗಲಿಸಿ ಕೂತು ಕಾಫಿ ಹೀರಿದ. "ಊರು ಅಂದ್ರೆ ಇದಲೇ ವಿಲ್ಲಿ! ಹಾರ್ನ್ ಐತೆ, ಧೂಳು ಐತೆ, ಜನ ಐತೆ. ಮೆಲ್ಬರ್ನು ಊರೇನಲೇ? ಆಸ್ಪತ್ರೆ ಇದ್ದಂಗೈತೆ. ಬಾರಲೇ ನಮ್ಮ ಸಿಡ್ನಿಗೆ."

"ಸಿಡ್ನಿ ಎಂತದು ಮತ್ತೆ? ಸ್ವಲ್ಪ ದೊಡ್ಡ ಆಸ್ಪತ್ರೆ," ಎಂದರು ಅಂಕಲ್. ಆದರೆ ನಗುತ್ತಿದ್ದರು. ಆ ನಗು ಹೂಂ ಕಡೆಗೆ ವಾಲುತ್ತಿದೆ ಎಂದು ನಾನು ಕ್ಲೈವನ ಕಾಲು ತುಳಿದು ಸೂಚನೆ ಕೊಟ್ಟೆ.

ಅವತ್ತು ಕಾಫಿ ಮುಗಿಸಿ ಎದುರಿನ ಮಾರ್ಕೆಟ್ಟಿಗೆ ದಾಟಬೇಕಿತ್ತು. ರಸ್ತೆಯಲ್ಲಿ ಸ್ಕೂಟರುಗಳು ಒಂದಕ್ಕೊಂದು ಅಂಟಿಕೊಂಡು ಹರಿಯುತ್ತಿದ್ದವು. ಹೋಟೆಲಿನ ಕೌಂಟರಿನ ಹುಡುಗಿ ಮೊದಲ ದಿನವೇ ಹೇಳಿಕೊಟ್ಟಿದ್ದಳು: ನಿಧಾನವಾಗಿ ಒಂದೇ ವೇಗದಲ್ಲಿ ನಡೆಯುತ್ತಿರಿ, ಅವರೇ ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ, ನಿಲ್ಲಬೇಡಿ, ಓಡಬೇಡಿ, ಹಿಂದೆ ಸರಿಯಬೇಡಿ. ಅಪ್ಪ ಲಿಫ್ಟಿನವರೆಗೂ ನಕ್ಕಿದ್ದ. "ಮೆಜೆಸ್ಟಿಕ್‌ನಾಗೆ ದಿನಾ ರೋಡ್ ದಾಟಿದೋನಿಗೆ ಪಾಠ ಹೇಳ್ತಾಳೆ ನೋಡಲೇ."

"ಅಲ್ಲಿ ಮುಂದೆ ಸಿಗ್ನಲ್ ಉಂಟು, ಅಲ್ಲಿಗೆ ಹೋಗುವ," ಎಂದರು ಅಂಕಲ್.

"ಸಿಗ್ನಲ್ ಬೇಕಂತೆ ಸಾಹೇಬ್ರಿಗೆ! ಬಟನ್ ಒತ್ತಿ ನಿಂತ್ಕೋ ಹೋಗು," ಎಂದ ಅಪ್ಪ ಒಂದು ಕೈಯಲ್ಲಿ ಝೋಯಿಯನ್ನೂ ಇನ್ನೊಂದರಲ್ಲಿ ನನ್ನನ್ನೂ ಹಿಡಿದು ಇಳಿದೇಬಿಟ್ಟ.

"ರೀ, ಬೇಡ ಕಣ್ರೀ," ಎಂದು ಅಮ್ಮ ಕೂಗಿದ್ದು ಕೇಳಿಸಿತು.

ಬೆಂಗಳೂರಿನಲ್ಲಿ ರಸ್ತೆ ದಾಟುವ ವಿಧಾನ ನಿಮಗೆ ಗೊತ್ತು. ಅಂಗೈ ಎತ್ತಿ ತೋರಿಸುವುದು, ಗಾಡಿ ನಿಧಾನಿಸಿದೊಡನೆ ನುಗ್ಗುವುದು, ನಿಧಾನಿಸದಿದ್ದರೆ ಹಿಂದಕ್ಕೆ ಹಾರುವುದು. ಅಲ್ಲಿ ಬದುಕುಳಿಯಲು ಬೇಕಾದದ್ದೆಲ್ಲ ಇಲ್ಲಿ ಕೊಲ್ಲುವಂಥದ್ದು. ಜೊತೆಗೆ ಇಷ್ಟು ವರ್ಷ ಸಿಡ್ನಿಯಲ್ಲಿದ್ದವನ ಕತ್ತು ಮೊದಲು ಬಲಕ್ಕೆ ತಿರುಗಿತು. ಆ ದೇಶದಲ್ಲಿ ಗಾಡಿಗಳು ಬರುವುದು ಎಡದಿಂದ. ಎಡಕ್ಕೆ ತಿರುಗಿ ನೋಡಿದಾಗ ಗೋಡೆಯಂತೆ ಬರುತ್ತಿದ್ದವು. ಅಪ್ಪ ನಡುರಸ್ತೆಯಲ್ಲಿ ಗಕ್ಕನೆ ನಿಂತ. ಟ್ರಾಫಿಕ್ ಪೊಲೀಸನಂತೆ ಎಡಗೈ ಎತ್ತಿದ.

ಎಡಗೈಯಲ್ಲಿ ಝೋಯಿ ಇದ್ದಳು.

ಕೈ ಬಿಟ್ಟೊಡನೆ ಅವಳು ಹಿಂದಕ್ಕೆ ಓಡಿದಳು. ನೇರವಾಗಿ ನಡೆಯುವವರನ್ನು ಲೆಕ್ಕ ಹಾಕಿ ಬರುತ್ತಿದ್ದ ಸ್ಕೂಟರೊಂದು ಅವಳನ್ನು ತಪ್ಪಿಸಲು ಅಡ್ಡ ಬಿತ್ತು. ಹಿಂದಿನ ಸೀಟಿನಲ್ಲಿ ಕಟ್ಟಿದ್ದ ದೊಡ್ಡ ಐಸ್ ಗಡ್ಡೆ ರಸ್ತೆಗಪ್ಪಳಿಸಿ ಸಿಡಿಯಿತು. ಉರುಳುತ್ತಿದ್ದ ಗಾಡಿಯ ಹ್ಯಾಂಡಲ್ ಝೋಯಿಯ ಭುಜಕ್ಕೆ ತಾಗಿ ಅವಳು ಬಿದ್ದಳು. ಅವಳ ಕಿರುಚಾಟ ಇಡೀ ರಸ್ತೆಯ ಹಾರ್ನುಗಳನ್ನು ಮೀರಿ ಕೇಳಿತು.

ಅಪ್ಪ ಅವಳ ಕಡೆ ಹೋಗಲಿಲ್ಲ. ಗಾಡಿಯವನ ಕಡೆ ಹೋದ.

ಮೊಣಕಾಲು ಸುಲಿದುಕೊಂಡು ಏಳುತ್ತಿದ್ದ ಅವನ ಕಾಲರು ಹಿಡಿದು ಎತ್ತಿ ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. "ಮಗು ಕಾಣಲ್ಲೇನಲೇ? ಕಣ್ಣಿಲ್ಲೇನಲೇ ನಿಂಗೆ?" ದಾವಣಗೆರೆ ಕನ್ನಡದಲ್ಲಿ ಬೈಯುತ್ತ, ಲಯಬದ್ಧವಾಗಿ, ಬಟ್ಟೆ ಒಗೆಯುವವರಂತೆ ಹೊಡೆದ. ಅವನೂ ಸುಮ್ಮನಿರಲಿಲ್ಲ, ಹೆಲ್ಮೆಟ್ ಬೀಸಿ ಅಪ್ಪನ ಪಕ್ಕೆಗೆ ಬಾರಿಸಿದ, ಉಗುಳಿದ. ಆದರೆ ತೆಳ್ಳಗಿದ್ದ. ಬ್ಲ್ಯಾಕ್‌ಟೌನಿನಲ್ಲಿ ಪಾರ್ಕಿಂಗ್ ಜಾಗಕ್ಕಾಗಿ ಒಬ್ಬ ಧಡೂತಿ ಆಳು ನಮ್ಮ ಕಾರಿನ ಬಾನೆಟ್ ಗುದ್ದಿ "ಗೋ ಹೋಮ್" ಎಂದು ಕೂಗಿದಾಗ ಅಪ್ಪ ಕಿಟಕಿ ಇಳಿಸಿ "ಸಾರಿ ಮೇಟ್" ಎಂದಿದ್ದ. ಸಿಟ್ಟು ಬಂದಾಗ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ ಎಂಬ ಮಾತನ್ನು ನಾನು ಅಂದಿನಿಂದ ನಂಬಿಲ್ಲ. ಎದುರಿನವನ ತೂಕ ಚೆನ್ನಾಗಿಯೇ ಕಾಣುತ್ತದೆ.

ಐರಿನ್ ಆಂಟಿ ರಸ್ತೆಯಿಂದಲೇ ಒಂದು ಹಿಡಿ ಐಸ್ ಬಾಚಿ, ದುಪಟ್ಟಾದಲ್ಲಿ ಸುತ್ತಿ ಮಗುವಿನ ಭುಜಕ್ಕೆ ಒತ್ತುತ್ತಿದ್ದರು. ಅಂಕಲ್ ಹಿಂದಿನಿಂದ ಅಪ್ಪನ ಸೊಂಟ ತಬ್ಬಿ ಎಳೆದರು. "ಬಿಡು ಅವನನ್ನು! ಅವನದ್ದೆಂತ ತಪ್ಪು?"

"ನಿನ್ನ ಮಗಳಿಗೋಸ್ಕರನೇ ಹೊಡೀತಿರೋದು ಕಣಲೇ!"

ಅಂಕಲ್ ಅಪ್ಪನನ್ನು ತಮ್ಮ ಕಡೆ ತಿರುಗಿಸಿಕೊಂಡರು. ನನ್ನನ್ನು ನೋಡಿದರು. ನಾನು ಅಪ್ಪನ ಬಲಗೈ ಹಿಡಿದಿದ್ದ ಜಾಗದಲ್ಲೇ, ಒಂದು ಗೀರೂ ಇಲ್ಲದೆ ನಿಂತಿದ್ದೆ.

"ಇವಳ ಕೈ ಬಿಡಲಿಲ್ಲ ನೀನು," ಎಂದರು. ಆಮೇಲೆ ಅಪ್ಪನ ಬಾಯಿಗೆ ಹೊಡೆದರು. ತುಟಿ ಸೀಳಿತು, ಹಲ್ಲೊಂದು ಅಲುಗಾಡಿತು. ಅಪ್ಪ ಐಸ್ ಚೂರುಗಳ ಮೇಲೆ ಕೂತುಬಿಟ್ಟ. ಹೊಡೆತ ತಿಂದ ಗಾಡಿಯವನೂ ಬೈಗುಳ ನಿಲ್ಲಿಸಿ, ಇವರಿಬ್ಬರದು ಇದೇನು ಎಂಬಂತೆ ನೋಡಿದ.

ಅಪ್ಪನ ಪರವಾಗಿ ವಾದಿಸು ಎಂದರೆ ಈಗಲೂ ವಾದಿಸಬಲ್ಲೆ. ಶಾಲೆಯ ಚರ್ಚಾ ತಂಡದಲ್ಲಿ ಇದಕ್ಕಿಂತ ಕೆಟ್ಟ ಪಕ್ಷ ಗೆಲ್ಲಿಸಿದ್ದೇನೆ. ಗಾಡಿಗಳು ಎಡದಿಂದ ಬಂದವು, ಆದ್ದರಿಂದ ಎಡಗೈ ಎತ್ತಿದ; ಬಲದಿಂದ ಬಂದಿದ್ದರೆ ನನ್ನ ಕೈ ಬಿಡುತ್ತಿದ್ದ. ತರ್ಕದಲ್ಲಿ ತೂತಿಲ್ಲ. ಆದರೆ ತನ್ನ ಮಗಳು ರಸ್ತೆಯಲ್ಲಿ ಬಿದ್ದಿರುವಾಗ ಯಾವ ತಂದೆ ತರ್ಕ ಕೇಳುತ್ತಾನೆ? ಪ್ರೀತಿಗಾಗಿ ಹೊಡೆದೆ ಎಂಬ ಸಮರ್ಥನೆಯನ್ನಂತೂ ನಾನೇ ಒಪ್ಪುವುದಿಲ್ಲ. ಅಪ್ಪ ಹೊಡೆದದ್ದು ಝೋಯಿಗಾಗಿ ಅಲ್ಲ. ತಪ್ಪು ಬೇರೊಬ್ಬನ ಮುಖದ ಮೇಲೆ ಕಾಣಲಿ ಎಂದು.

ಝೋಯಿಯ ಕಾಲರ್ ಬೋನ್ ಮುರಿದಿತ್ತು. ಕ್ಲಿನಿಕ್ಕಿನಲ್ಲಿ ಕಟ್ಟು ಹಾಕಿಸಿ ಬಂದ ಅಂಕಲ್ ಹೋಟೆಲಿನ ಎರಡು ಕೋಣೆಗಳ ನಡುವಿನ ಬಾಗಿಲಿಗೆ ಬೋಲ್ಟ್ ಹಾಕಿದರು. ನಾನೂ ಕ್ಲೈವೂ ಅದರ ಎರಡು ಕಡೆ ಕೂತು ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿದೆವು.

"ಆರ್ ಯೂ ಸ್ಟಿಲ್ ಕಮಿಂಗ್?" ಎಂದು ಕೇಳಿದೆ.

"ಡನ್ನೋ," ಎಂದ. "ಡ್ಯಾಡ್ಸ್ ಕ್ರೈಯಿಂಗ್."

ಮರುದಿನ ಅವರು ಬೇರೆ ಫ್ಲೈಟ್ ಬುಕ್ ಮಾಡಿ ಹೋದರು. ಸಿಡ್ನಿಯಲ್ಲಿ ಅಪ್ಪನ ತುಟಿಯ ಹೊಲಿಗೆ ನೋಡಿ ಕೇಳಿದವರಿಗೆಲ್ಲ ಒಂದು ಕಥೆ ಸಿಕ್ಕಿತು: ಯಾವನೋ ಕುಡಿದ ಸ್ಕೂಟರಿನವನು ಮೈಮೇಲೆ ಬಂದ, ಕೇಳಿದ್ದಕ್ಕೆ ಹೆಲ್ಮೆಟ್‌ನಿಂದ ಬಾರಿಸಿದ. ಬೆಳಗಿನ ಹೊತ್ತು ಐಸ್ ಹೊತ್ತು ಬಂದವನು ಕುಡಿದಿದ್ದ ಎನ್ನಲು ಏನು ಆಧಾರ ಎಂದು ನಾನು ಕೇಳಿದರೆ ಅಮ್ಮ ಊಟಕ್ಕೆ ಕರೆಯುತ್ತಿದ್ದಳು. ಅಪ್ಪ ಮತ್ತೆ ಯಾರ ಮೇಲೂ ಕೈ ಎತ್ತಲಿಲ್ಲ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಕ್ಕ ಹಾಗೆ ನಗಲೂ ಇಲ್ಲ. ಎದುರಿನ ಸೈಟಿನಲ್ಲಿ ಬೇರೆ ಯಾರೋ ಮನೆ ಕಟ್ಟಿದರು. ಆ ಕ್ರಿಸ್‌ಮಸ್‌ಗೆ ನಾವು ಮನೆಯಲ್ಲೇ ಇದ್ದೆವು, ಅದರ ಮುಂದಿನದಕ್ಕೂ.

ಈಗ ನಾನು ಲಾ ಓದಲು ಮೆಲ್ಬರ್ನಿನಲ್ಲಿದ್ದೇನೆ. ಹೋದ ತಿಂಗಳು ಐರಿನ್ ಆಂಟಿಗೆ ಮೆಸೇಜ್ ಮಾಡಿದೆ. ಬಾ ಎಂದರು. ಬಾಗಿಲು ತೆರೆದ ಎತ್ತರದ ಹುಡುಗಿ, ಝೋಯಿಯೇ ಇರಬೇಕು, ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದಳು: "ಮಮ್, ಸಮ್‌ವನ್ ಫ್ರಮ್ ಸಿಡ್ನಿ!"

ಆಂಟಿ ತಬ್ಬಿಕೊಂಡು, ಬೆನ್ನು ಸವರಿ, ನೀರುದೋಸೆ ಮೇಲೆ ನೀರುದೋಸೆ ಹಾಕಿದರು. ಕ್ಲೈವ್ ಪರ್ತ್‌ನಲ್ಲಿ ಕೆಲಸದಲ್ಲಿದ್ದಾನಂತೆ. ಗೋಡೆಯ ಫೋಟೋದಲ್ಲಿ ಗಡ್ಡ ಬಿಟ್ಟಿದ್ದ, ಬೀದಿಯಲ್ಲಿ ಎದುರಾದರೆ ಗುರುತು ಸಿಗದು. ಅಂಕಲ್ ಟಿವಿಯಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದರು. ನಾನು ತಡೆಯಲಾರದೆ ಝೋಯಿಗೆ ಭುಜ ಹೇಗಿದೆ ಎಂದು ಕೇಳಿದೆ.

"ಓ, ದಟ್? ಚಿಕ್ಕವಳಿದ್ದಾಗ ಹೋಟೆಲ್ ಬೆಡ್ ಮೇಲೆ ಜಂಪ್ ಮಾಡ್ತಾ ಬಿದ್ದೆ," ಎಂದಳು, ಅಷ್ಟನ್ನೂ ಇಂಗ್ಲಿಷಿನಲ್ಲಿ. ಅಂಕಲ್ ಟಿವಿಯ ವಾಲ್ಯೂಮ್ ಏರಿಸಿದರು.

ಸ್ಟೇಷನ್ನಿನವರೆಗೆ ಅವರೇ ಜೊತೆಗೆ ನಡೆದು ಬಂದರು. ಅರ್ಧ ದಾರಿ ಕ್ರಿಕೆಟ್ಟಿನ ಮಾತಾಡಿದರು. ಆಮೇಲೆ ಕೇಳಿದರು: "ನಿಮ್ಮಲ್ಲಿ ಎಂತ ಹೇಳುದು ಅದಕ್ಕೆ?"

"ಕುಡಿದ ಸ್ಕೂಟರಿನವನು ಅಂತ. ತುಟಿ ಒಡೆದಿದ್ದೂ ಅವನೇ ಅಂತ."

ಅಂಕಲ್ ನಿಂತರು. "ನನ್ನ ಹೆಸರು ಹೇಳಲೇ ಇಲ್ವಾ ಅವ?"

"ಯಾರ ಹತ್ರನೂ ಇಲ್ಲ."

"ನಾವೂ ಅವನ ಹೆಸರು ತೆಗೀಲಿಲ್ಲ," ಎಂದರು. "ಮಕ್ಕಳ ಹತ್ರ ಎಂತಕ್ಕೆ ಅವನನ್ನು ಕೆಟ್ಟವ ಮಾಡುದು ಅಂತ. ಕ್ಲೈವನಿಗೂ ಹೇಳಿದ್ದೆ, ಬಾಯಿ ಬಿಡಬೇಡ ಅಂತ."

"ಹಾಗಾದ್ರೆ ಫೋನ್ ಮಾಡಿ ಅಂಕಲ್. ಈಗಲೇ ಮಾಡಿ. ನಂಬರ್ ಕೊಡ್ತೀನಿ."

"ನಂಬರ್ ಉಂಟು." ಅವರ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. "ಎಂತ ಹೇಳಿ ಮಾಡುದು ಮಗಾ? ಸಾರಿ ಅಂತ ಹೇಳಿದ್ರೆ, ಎಂತಕ್ಕೆ ಅಂತ ಕೇಳ್ತಾನಲ್ಲ ಅವ."

ಜಗಳವಾಗಿದೆ ಎಂದು ಯಾರಾದರೂ ಒಬ್ಬರು ಹೇಳಿಕೊಂಡಿದ್ದರೆ ರಾಜಿ ಮಾಡಿಸುವವರು ಹುಟ್ಟಿಕೊಳ್ಳುತ್ತಿದ್ದರು. ಇಬ್ಬರೂ ಇನ್ನೊಬ್ಬನ ಮಾನ ಕಾಯಲು ಜಗಳವನ್ನೇ ಅಳಿಸಿಹಾಕಿದರು. ಯಾವ ಪಕ್ಷಕ್ಕೆ ನಿಂತರೂ ಮಾತಾಡಬಲ್ಲವಳು ನಾನು. ಆದರೆ ಎರಡೂ ಮನೆಯವರು ನಡೆದೇ ಇಲ್ಲ ಎನ್ನುವುದನ್ನು ಯಾರ ಮುಂದೆ ವಾದಿಸಲಿ? ನಾವು ಸ್ಟೇಷನ್ ತಲುಪಿದೊಡನೆ ಟ್ರೈನ್ ಬಂತು. ಅಂಕಲ್ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ನಾನು ಹತ್ತುವ ಮೊದಲೇ ಮನೆಯ ಕಡೆ ತಿರುಗಿದರು.