ಕಾರ್ಕಳ ಸ್ಟೇಷನ್

ಕಾರ್ಕಳಕ್ಕೆ ರೈಲಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಇದಕ್ಕಾಗಿ ಊಟ ಬಿಟ್ಟವರನ್ನು ನಾನು ಕಂಡಿಲ್ಲ. ಆದರೆ ನಾವು ನಾಲ್ಕು ಮಂದಿ, ಎಲ್ಲರೂ ಬುದ್ಧಿ ಬಲಿತ ಗಂಡಸರು, ಇದೇ ವಿಷಯಕ್ಕೆ ಒಂದು ಇಡೀ ಮಳೆಗಾಲ ಜಗಳವಾಡಿದೆವು. ಅದೂ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಎಂಜಿನ್ನಿನ ರೈಲಿಗಾಗಿ.

ನಾನು ಮಣಿಪಾಲದಲ್ಲಿ ಹಲ್ಲಿನ ಸೆಟ್ ಮಾಡುವವನು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಪ್ಲಾಸ್ಟರ್ ಸುರಿದು ದವಡೆ ಮಾಡುತ್ತೇನೆ. ವಾರವಿಡೀ ಪರರ ಬಾಯಿ ನೋಡಿದವನಿಗೆ ಭಾನುವಾರ ಬೇರೆ ಏನನ್ನಾದರೂ ನೋಡಬೇಕು ಅನ್ನಿಸುತ್ತದೆ. ಹಾಗೆ ಹೋಗಿ ಸೇರಿದ್ದು ಅಂಬಲಪಾಡಿಯ ಒಂದು ಮನೆಯ ಮಾಳಿಗೆಗೆ. ಅಲ್ಲಿ ಮೇಜುಗಳನ್ನು ಜೋಡಿಸಿ ಅದರ ಮೇಲೆ ಉಡುಪಿಯಿಂದ ಇನ್ನಂಜೆಯವರೆಗಿನ ರೈಲು ದಾರಿಯನ್ನು ಪುಟ್ಟದಾಗಿ ಮಾಡಿದ್ದೇವೆ. ಗದ್ದೆ, ತೆಂಗಿನ ಮರ, ಸೇತುವೆ ಎಲ್ಲ ಉಂಟು. ಗುಡ್ಡಗಳ ಜವಾಬ್ದಾರಿ ನನ್ನದು. ಪ್ಲಾಸ್ಟರೂ ಅದೇ, ಕೈಯೂ ಅದೇ ಆದ್ದರಿಂದ ಗುಡ್ಡಗಳೆಲ್ಲ ಸ್ವಲ್ಪ ದವಡೆಯ ಹಾಗೆಯೇ ಕಾಣುತ್ತವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮನೆ ಮ್ಯಾನೇಜರರದ್ದು. ಬ್ಯಾಂಕಿನಿಂದ ನಿವೃತ್ತರಾದರೂ ಮ್ಯಾನೇಜರಿಕೆಯಿಂದ ನಿವೃತ್ತರಾಗದವರು. ಉಡುಪಿ ಸ್ಟೇಷನ್ ಅವರ ಕೈಯಲ್ಲಿ. ಇನ್ನಂಜೆ ಸ್ಟೇಷನ್ ಕಾಪುವಿನ ಪೊರ್ಬುಗಳದ್ದು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ತುಳುವಿನಲ್ಲಿ ಕರೆಯುವುದೇ ಹಾಗೆ. ಗಲ್ಫಿನಿಂದ ಊರಿಗೆ ಮರಳುವಾಗ ಬೇರೆಯವರು ಚಿನ್ನ ತಂದರೆ ಇವರು ಎರಡು ಎಂಜಿನ್, ಒಂದಷ್ಟು ಬೋಗಿ, ಕೆಲವು ಗೂಡ್ಸ್ ಡಬ್ಬಿಗಳನ್ನು ತಂದರು. ಮನೆಯಲ್ಲಿ ಅದಕ್ಕೆ ಇನ್ನೂ ಕ್ಷಮೆ ಸಿಕ್ಕಿಲ್ಲ. ನಾಲ್ಕನೆಯವರು ಕಾರ್ಕಳದ ಏಜೆಂಟರು. ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕಾರ್ಕಳ, ಕಾರ್ಕಳ’ ಎಂದು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುತ್ತಲೇ ತಲೆ ಹಣ್ಣು ಮಾಡಿಕೊಂಡವರು. ಬಸ್ಸಿನ ಅನ್ನ ಉಂಡವರಿಗೆ ರೈಲಿನ ಹುಚ್ಚು ಯಾಕೆ ಎಂದು ಕೇಳಿದರೆ, ಹೋಟೆಲಿನ ಅಡಿಗೆಯವನು ಮನೆಗೆ ಹೋಗಿ ಗಂಜಿ ಉಣ್ಣುವುದಿಲ್ಲವಾ ಎಂದು ಕೇಳುತ್ತಾರೆ.

ಮ್ಯಾನೇಜರರು ಇದ್ದ ಮೇಲೆ ನಿಯಮಗಳು ಇರಲೇಬೇಕು. ಮೊದಲ ನಿಯಮ, ಹಳಿಯ ಮೇಲೆ ಇರುವ ಏನನ್ನೂ ಕೈಯಿಂದ ಎತ್ತಬಾರದು. ನಿಜವಾದ ರೈಲಿಗೆ ಆಕಾಶದಿಂದ ಕೈ ಇಳಿದುಬರುತ್ತದೆಯೇ ಎಂಬುದು ಅವರ ವಾದ. ಎರಡನೆಯದು ಇನ್ನೂ ಘನವಾದದ್ದು. ಹೊರಗೆ ನಿಜವಾದ ಗಾಡಿ ಓಡಿದರೆ ಮಾತ್ರ ನಮ್ಮ ಗಾಡಿ ಓಡಬೇಕು. ಮೊಬೈಲಿನಲ್ಲಿ ನೋಡುವುದು, ಗಾಡಿ ಉಡುಪಿ ಬಿಟ್ಟಿತು ಎಂದಾದರೆ ನಮ್ಮದನ್ನೂ ಬಿಡುವುದು. ಶಂಖದಿಂದ ಬಂದರೇ ತೀರ್ಥ. ಒಂಟಿ ಹಳಿಯ ದಾರಿಯಾದ್ದರಿಂದ ಎದುರಿನ ಗಾಡಿಗಾಗಿ ಅದು ಇನ್ನಂಜೆಯಲ್ಲಿ ಕಾದರೆ ನಮ್ಮದೂ ಕಾಯುತ್ತದೆ, ಜೊತೆಗೆ ನಾವೂ. ಒಮ್ಮೆ ಎಲ್ಲೋ ಗುಡ್ಡ ಜರಿದು ನಿಜವಾದ ಗಾಡಿ ನಿಂತೇಬಿಟ್ಟಿತು. ನಾವು ಗೋಳಿಬಜೆ ಮುಗಿಸಿ, ಚಹಾ ಮುಗಿಸಿ, ಮಾತೂ ಮುಗಿಸಿ ಇನ್ನಂಜೆಯನ್ನೇ ನೋಡುತ್ತಾ ಕೂತಿದ್ದೆವು. ಕೆಳಗಿನಿಂದ ಮ್ಯಾನೇಜರರ ಹೆಂಡತಿ ಊಟಕ್ಕೆ ಕರೆದರು. ಗಾಡಿ ಇನ್ನಂಜೆ ಬಿಟ್ಟಿಲ್ಲ ಎಂದು ಇವರು ಹೇಳಿದರು. ಹಾಗಾದರೆ ಸಾರೂ ಅಲ್ಲಿಯೇ ನಿಂತಿದೆ ಅಂತ ತಿಳಿದುಕೊಳ್ಳಿ ಎಂದು ಅವರು ಪಾತ್ರೆ ಮುಚ್ಚಿದರು.

ಏಜೆಂಟರಿಗೆ ನಾವು ಕೊಟ್ಟಿದ್ದದ್ದು ಒಂದು ಲೆವೆಲ್ ಕ್ರಾಸಿಂಗಿನ ಗೇಟು. ಗಾಡಿ ಬರುವಾಗ ಗೇಟು ಹಾಕುವುದು, ಹೋದ ಮೇಲೆ ತೆಗೆಯುವುದು. ಕೆಲವು ವರ್ಷ ಅವರು ಇದನ್ನು ಮಾತಿಲ್ಲದೆ ಮಾಡಿದರು. ಆಮೇಲೆ ಒಂದು ಭಾನುವಾರ, ತನಗೆ ಕಾರ್ಕಳ ಸ್ಟೇಷನ್ ಬೇಕು ಎಂದರು. ಇನ್ನಂಜೆಯಿಂದ ಒಂದು ಕವಲು ಹಳಿ ಹಾಕಿದರಾಯಿತು, ಮೇಜು ತನ್ನ ಖರ್ಚು ಎಂದರು. ಇಲ್ಲದ ರೈಲನ್ನು ಹೇಗೆ ಓಡಿಸುವುದು ಎಂದು ಮ್ಯಾನೇಜರರು ಕೇಳಿದರು. ಸಣ್ಣವನಿದ್ದಾಗಿನಿಂದ ತಮ್ಮ ಊರಿಗೆ ಸರ್ವೆಯವರು ಬರುತ್ತಲೇ ಇದ್ದಾರೆ, ಬಂದವರು ಬೊಂಡ ಕುಡಿದು ಕಲ್ಲು ಹಾಕಿ ಹೋಗುತ್ತಾರೆ, ತಮ್ಮ ಅಂಗಳದ ಬದಿಯ ಕಲ್ಲಿನಲ್ಲಿ ಈಗ ಬಟ್ಟೆ ಒಗೆಯುತ್ತಾರೆ ಎಂದು ಏಜೆಂಟರು ಹೇಳಿದರು. ಕೊನೆಗೆ ಬ್ಯಾಂಕಿನವರ ತೀರ್ಮಾನ ಬಂತು. ಸ್ಟೇಷನ್ ಕಟ್ಟಬಹುದು, ಹಳಿಯನ್ನೂ ಹಾಕಬಹುದು, ಗಾಡಿ ಮಾತ್ರ ಹೋಗುವ ಹಾಗಿಲ್ಲ. ಸಾಲ ಮಂಜೂರು ಮಾಡಿ ಹಣ ಕೊಡದೆ ಇರುವುದು ಅವರಿಗೆ ಅಭ್ಯಾಸ ಇದ್ದಿರಬೇಕು.

ಏಜೆಂಟರು ಅಷ್ಟಕ್ಕೇ ಒಪ್ಪಿ ಸ್ಟೇಷನ್ ಕಟ್ಟಿದರು. ಎಂಥ ಸ್ಟೇಷನ್! ಕೆಂಪು ಹಂಚು, ಬೆಂಚು, ಬೆಂಕಿಕಡ್ಡಿಯ ತುದಿಯಷ್ಟಿನ ಲೈಟು, ಹಳದಿ ಬೋರ್ಡು. ಕಾರ್ಕಳದ ಕಲ್ಲಿನ ಬೆಟ್ಟವನ್ನು ನನ್ನಿಂದಲೇ ಮಾಡಿಸಿಕೊಂಡರು. ಇದಾದರೂ ದವಡೆ ಆಗದಿರಲಿ ಅಂತ ಮೊದಲ ಬಾರಿಗೆ ಒಬ್ಬರು ಬಾಯಿಬಿಟ್ಟು ಹೇಳಿದರು. ಜಾಗವಿಲ್ಲದ ಕಾರಣ ಆ ಮೇಜು ಬಚ್ಚಲಿನ ದಾರಿಗೆ ಅಡ್ಡ ಬಂತು. ಅಲ್ಲಿಂದ ಮುಂದೆ ಮೂತ್ರಕ್ಕೆ ಹೋಗುವವರೆಲ್ಲ ಕಾರ್ಕಳದ ಅಡಿಯಲ್ಲಿ ನುಸುಳಿ ಹೋಗಬೇಕಾಯಿತು. ಪ್ರತಿ ಸ್ಟೇಷನ್ನಿನ ಹಳಿಗೂ ಬೇರೆ ಬೇರೆ ಕರೆಂಟಿನ ಸ್ವಿಚ್ಚು, ಅದನ್ನು ಆಯಾ ಸ್ಟೇಷನ್ನಿನವರೇ ಮುಟ್ಟಬೇಕು. ಏಜೆಂಟರು ತಮ್ಮ ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿ ಕೂತರು. ವಾರ ವಾರ ಕೂತರು. ನಮ್ಮ ಗಾಡಿಗಳು ಉಡುಪಿಗೂ ಇನ್ನಂಜೆಗೂ ಓಡಾಡುತ್ತಿದ್ದರೆ ಅವರು ಖಾಲಿ ಹಳಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ಮಳೆಗಾಲ ಹಿಡಿದ ಮೇಲೆ ಒಂದು ದಿನ, ಚೌತಿಯವರೆಗೆ ನೋಡುತ್ತೇನೆ ಎಂದರು. ಅಷ್ಟರಲ್ಲಿ ಒಂದಾದರೂ ಗಾಡಿ ಬಾರದಿದ್ದರೆ ಸ್ಟೇಷನ್ ಬಿಚ್ಚಿ ಮನೆಗೆ ಕೊಂಡುಹೋಗಿ ಶೋಕೇಸಿನಲ್ಲಿ ಇಡುವುದು, ಮತ್ತೆ ಈ ಕಡೆ ಬರುವುದಿಲ್ಲ. ಕೋಪದಲ್ಲಿ ಹೇಳಿದ್ದರೆ ನನಗೆ ಹೆದರಿಕೆ ಇರಲಿಲ್ಲ. ಮೆತ್ತಗೆ, ಹಳಿ ಒರೆಸುತ್ತಾ ಹೇಳಿದರು. ಏಜೆಂಟರಿಲ್ಲದ ಭಾನುವಾರವನ್ನು ನಾನು ನೆನೆಸಿಕೊಂಡೆ. ಒಬ್ಬರು ಹೋದರೆ ಉಳಿದವರು ಮೂರು ಮಂದಿ, ಒಂದಷ್ಟು ಮೇಜು, ನನ್ನ ದವಡೆಗಳು. ಆಮೇಲೆ ಯಾರೂ ಬರುವುದಿಲ್ಲ ಅಂತ ನನಗೆ ಖಾತ್ರಿಯಿತ್ತು.

ಆ ಮಳೆಗೆ ಪಡುವಣ ಕಿಟಕಿಯಿಂದ ನೀರು ಬಂದು ನೆಲ ಒದ್ದೆಯಾಗತೊಡಗಿತು. ಉಡುಪಿ, ಇನ್ನಂಜೆಯ ಮೇಜುಗಳ ಕಾಲು ಹಾಳಾಗದಿರಲಿ ಎಂದು ಕೆಂಪು ಕಲ್ಲಿನ ತುಂಡುಗಳನ್ನು ಅಡಿಗೆ ಕೊಟ್ಟು ಎತ್ತರಿಸಿದೆವು. ಬಚ್ಚಲಿನ ಕಡೆಯ ಕಾರ್ಕಳಕ್ಕೆ ನೀರು ಬರುತ್ತಿರಲಿಲ್ಲ, ಅದು ಇದ್ದಲ್ಲೇ ಇತ್ತು. ಹೀಗೆ ಘಟ್ಟದ ಬುಡದ ಕಾರ್ಕಳ, ಸಮುದ್ರದ ಹತ್ತಿರದ ಇನ್ನಂಜೆಗಿಂತ ತಗ್ಗಿಗೆ ಇಳಿಯಿತು. ನಡುವಿನ ಹಳಿ ಇಳಿಜಾರಾದದ್ದು ನಾಲ್ವರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಮುಂದಿನ ಭಾನುವಾರ ಇನ್ನಂಜೆಯಲ್ಲಿ ಪೊರ್ಬುಗಳು ಗೂಡ್ಸ್ ಗಾಡಿಯ ಡಬ್ಬಿಗಳನ್ನು ಬಿಡಿಸಿ ಜೋಡಿಸುತ್ತಿದ್ದರು. ಹಿಂದಿನ ಡಬ್ಬಿ ಕಳಚಿಕೊಂಡಿತು. ಮೆಲ್ಲಗೆ ಹೊರಟಿತು. ಕವಲಿನಲ್ಲಿ ಬಲಕ್ಕೆ ಹೊರಳಿ, ಗುಡ್ಡ ಬಳಸಿ, ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಕಾರ್ಕಳದ ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಏಜೆಂಟರು ಸ್ಟೂಲಿನಿಂದ ಎದ್ದು ನಿಂತರು. ದೊಡ್ಡವರು ಮನೆಗೆ ಬಂದಾಗ ಎದ್ದು ನಿಲ್ಲುವ ಹಾಗೆ.

ಮ್ಯಾನೇಜರರು ತನಿಖೆ ಮಾಡಿದರು. ಕವಲು ಕಾರ್ಕಳದ ಕಡೆಗೆ ಹೇಗೆ ತಿರುಗಿತ್ತು ಎಂದು ಪೊರ್ಬುಗಳನ್ನು ಕೇಳಿದರು. ಕೈ ತಾಗಿರಬೇಕು ಎಂದು ಪೊರ್ಬುಗಳು ಫ್ಯಾನನ್ನು ನೋಡುತ್ತಾ ಹೇಳಿದರು. ರಸಮಟ್ಟ ಇಟ್ಟು ನೋಡಿದಾಗ ಇಳಿಜಾರಿನ ಸಂಗತಿ ಗೊತ್ತಾಯಿತು. ಕಾರ್ಕಳ ಎತ್ತರದಲ್ಲಿರಬೇಕಾದ ಊರು, ಇದು ಭೂಗೋಳಕ್ಕೇ ವಿರುದ್ಧ ಎಂದು ಮ್ಯಾನೇಜರರು ಗುಡುಗಿದರು.

“ಎತ್ತರ ಉಂಟು ಅಂತ ನಿಮಗೆ ಈಗ ನೆನಪಾದದ್ದಾ?” ಎಂದು ಏಜೆಂಟರು ಕೇಳಿದರು.

ನಿಜವಾದ ಪೇಚು ಆಮೇಲೆ ಶುರುವಾಯಿತು. ಡಬ್ಬಿಯನ್ನು ವಾಪಸ್ ತರುವುದು ಹೇಗೆ? ಕೈಯಿಂದ ಎತ್ತುವ ಹಾಗಿಲ್ಲ, ಅದು ಮೊದಲ ನಿಯಮ. ಎಂಜಿನ್ ಕಳಿಸುವ ಹಾಗಿಲ್ಲ, ಅದು ಎರಡನೆಯ ನಿಯಮ. ಕೈ ಚಾಚಿದರೆ ಸಿಗುವ ಡಬ್ಬಿಯನ್ನು ನೋಡುತ್ತಾ ನಾಲ್ವರೂ ಕೈಕಟ್ಟಿ ನಿಂತೆವು. ಈ ಒಂದು ಸಲಕ್ಕೆ ಎತ್ತಿಬಿಡೋಣವೇ ಎಂದು ಮ್ಯಾನೇಜರರೇ ಸಣ್ಣ ದನಿಯಲ್ಲಿ ಹೇಳಿದರು. ಆಕಾಶದಿಂದ ಕೈ ಬರುತ್ತದೆಯೇ ಎಂದು ಏಜೆಂಟರು ಅವರದೇ ಮಾತನ್ನು ಅವರಿಗೆ ಹಿಂದಿರುಗಿಸಿದರು. ಆ ದಿನ ತೀರ್ಮಾನವಾಗದೆ ಎದ್ದೆವು.

ಅದು ಹಾಗೆಯೇ ಇದ್ದುಬಿಡುತ್ತಿತ್ತೋ ಏನೋ. ಆದರೆ ಡಬ್ಬಿಯಲ್ಲಿ ಸರಕಿತ್ತು. ಡಬ್ಬಿ ಖಾಲಿ ಓಡಬಾರದು ಎಂಬ ಹಟದಿಂದ ಪೊರ್ಬುಗಳು ಅದಕ್ಕೆ ಒಣ ಸಿಗಡಿ ತುಂಬಿದ್ದರು. ಮ್ಯಾನೇಜರರದ್ದು ಶುದ್ಧ ಸಸ್ಯಾಹಾರಿ ಮನೆ. ಅದು ಏನು ಎಂದು ಅವರು ಕೇಳಿದಾಗ ಜಲ್ಲಿ ಎಂದು ಹೇಳಲಾಗಿತ್ತು. ಮಳೆಯ ತೇವಕ್ಕೆ ಜಲ್ಲಿ ವಾಸನೆ ಬರತೊಡಗಿತು. ಒಂದು ವಾರದಲ್ಲಿ ಅದು ಮೆಟ್ಟಿಲಿಳಿದು ದೇವರ ಕೋಣೆಯವರೆಗೆ ಹೋಯಿತು. ಸರಕನ್ನಾದರೂ ಇಳಿಸಿ ಎಂದರೆ, ಎಂಜಿನ್ ಇಲ್ಲದೆ ಬಂದದ್ದು ಗಾಡಿಯೇ ಅಲ್ಲ, ಗಾಡಿ ಬಾರದೆ ಸರಕು ಇಳಿಸಲಿಕ್ಕೆ ಬರುವುದಿಲ್ಲ ಎಂದು ಕಾರ್ಕಳದ ಸ್ಟೇಷನ್ ಮಾಸ್ಟರರು ಕೂತಲ್ಲಿಂದ ಅಲ್ಲಾಡಲಿಲ್ಲ. ಮ್ಯಾನೇಜರರ ಹೆಂಡತಿ ಮೇಲೆ ಬಂದು ಮೂಗಿಗೆ ಸೆರಗು ಹಿಡಿದು ಸುತ್ತ ನೋಡಿ, ಮುಂದಿನ ವಾರದೊಳಗೆ ಒಂದೋ ಈ ವಾಸನೆ ಹೋಗಬೇಕು, ಇಲ್ಲ ರೈಲು ಹೋಗಬೇಕು ಎಂದರು. ಮ್ಯಾನೇಜರರು ಬೆವರಿದರು. ಸ್ವಲ್ಪ ಯೋಚಿಸಿ, ಅಪಘಾತವಾದಲ್ಲಿಗೆ ಹೋಗುವ ಎಂಜಿನ್ನಿಗೆ ಎರಡನೆಯ ನಿಯಮ ತಾಗುವುದಿಲ್ಲ ಎಂದು ತೀರ್ಪು ಕೊಟ್ಟರು. ಬರುವ ಭಾನುವಾರ ಕಾರ್ಕಳಕ್ಕೆ ಎಂಜಿನ್ ಹೋಗತಕ್ಕದ್ದು. ಚೌತಿಗೆ ಇನ್ನೂ ದಿನವಿತ್ತು.

ಆ ಭಾನುವಾರ ಏಜೆಂಟರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಬಂದರು. ಒಂದು ಚೆಂಡು ಶಂಕರಪುರ ಮಲ್ಲಿಗೆ ತಂದಿದ್ದರು. ಎಂಜಿನ್ನಿನ ಹಾರಕ್ಕೆ ನಾಲ್ಕು ಮೊಗ್ಗು ಸಾಕಾಯಿತು, ಉಳಿದದ್ದು ಮ್ಯಾನೇಜರರ ಹೆಂಡತಿಗೆ ಹೋಯಿತು. ಇಳಿಜಾರಿನಲ್ಲಿ ಎಂಜಿನ್ ಬಿದ್ದರೆ ಎಂದು ನಾನು ಗುಡ್ಡದ ಬದಿಯಲ್ಲಿ ಅಂಗೈ ಒಡ್ಡಿ ನಿಂತೆ. ಹಳಿಗೆ ತಾಗಿಸಬೇಡಿ ಎಂದು ಮ್ಯಾನೇಜರರು ಎಚ್ಚರಿಸಿದರು. ಪೊರ್ಬುಗಳು ಎಂಜಿನ್ ಬಿಟ್ಟರು. ಅದು ಕವಲಿನಲ್ಲಿ ತಿರುಗಿ, ಗುಡ್ಡ ಬಳಸಿ, ಕಾರ್ಕಳದ ಸಿಗ್ನಲ್ಲಿನ ಹತ್ತಿರ ಬಂದು ನಿಂತಿತು. ಮುಂದಿನ ಹಳಿಗೆ ಕರೆಂಟು ಇಲ್ಲ. ಏಜೆಂಟರು ಸ್ವಿಚ್ಚಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು.

ಕರೆಂಟು ಹೋಯಿತೋ ಎಂದು ನಾವು ಫ್ಯಾನ್ ನೋಡಿದೆವು. ಫ್ಯಾನ್ ತಿರುಗುತ್ತಿತ್ತು. ಮ್ಯಾನೇಜರರು ಕೆಮ್ಮಿದರು.

“ನಾನು ಎಷ್ಟು ಕಾಲ ಕಾದಿದ್ದೇನೆ,” ಎಂದರು ಏಜೆಂಟರು. “ಅದೂ ಸ್ವಲ್ಪ ಕಾಯಲಿ.”

ಎಂಜಿನ್ ಕಾದು ನಿಂತಿತು. ಮೂರು ಮಂದಿಯ ಚಹಾ ಆರಿತು. ಆಮೇಲೆ ಸ್ವಿಚ್ಚು ಒತ್ತಿದರು. ಎಂಜಿನ್ ಮಲ್ಲಿಗೆ ಸಮೇತ ಪ್ಲಾಟ್‌ಫಾರ್ಮಿಗೆ ಬಂತು. ಇಷ್ಟು ವರ್ಷ ಬಸ್ ಸ್ಟ್ಯಾಂಡ್ ನಡುಗುವ ಹಾಗೆ ಕೂಗಿದ ಗಂಟಲಿನಿಂದ ಒಂದು ಘೋಷಣೆ ಬರುತ್ತದೆ ಎಂದು ನಾವು ಕಾದೆವು. ಅವರು ಹಳಿ ಒರೆಸುವ ಬಟ್ಟೆ ತೆಗೆದು ಹಳದಿ ಬೋರ್ಡನ್ನು ಒರೆಸಿದರು.

ಇನ್ನು ಡಬ್ಬಿ ಜೋಡಿಸಿ ಹೊರಡಿಸಿ ಎಂದರು ಮ್ಯಾನೇಜರರು. ಏಜೆಂಟರು ಗಡಿಬಿಡಿ ಮಾಡಲಿಲ್ಲ. ಈಗ ಗಾಡಿ ಬಂದಾಯಿತಲ್ಲ, ಸರಕು ಇಳಿಸಬಹುದು ಎಂದು ಚಿಮುಟದಿಂದ ಸಿಗಡಿಯನ್ನು ಒಂದೊಂದಾಗಿ ಕಾಗದಕ್ಕೆ ಹಾಕಿ ಪೊಟ್ಟಣ ಕಟ್ಟಿ ಚೀಲಕ್ಕೆ ಸೇರಿಸಿದರು. ತೆಂಗಿನ ಬುಡಕ್ಕೆ ಆಗುತ್ತದೆ ಎಂದರು. ಆಮೇಲೆ ತಮ್ಮ ಸ್ವಿಚ್ಚನ್ನು ಆರಿಸಿ ಕೊಡೆ ಎತ್ತಿಕೊಂಡರು. ಎಂಜಿನ್ ಬೇಡವೇ ವಾಪಸ್ ಎಂದು ಪೊರ್ಬುಗಳು ಕೇಳಿದರು.

“ಇವತ್ತು ನೈಟ್ ಹಾಲ್ಟ್,” ಎಂದರು ಏಜೆಂಟರು. “ಬಂದು ಹಾಗೇ ಹೋದರೆ ಅದು ನೆಂಟರ ಹಾಗೆ ಮಾರಾಯ್ರೆ. ರಾತ್ರಿ ಉಳಿದು ಬೆಳಿಗ್ಗೆ ಇಲ್ಲಿಂದಲೇ ಹೊರಟರೆ ಮಾತ್ರ ಅದು ನಮ್ಮ ಊರಿನ ಗಾಡಿ.”

ಅವರ ಸ್ವಿಚ್ಚನ್ನು ಅವರೇ ಮುಟ್ಟಬೇಕು. ವಾಸನೆಯ ಮೂಲ ಚೀಲದೊಳಗೆ ಹೋಗಿಯಾಗಿತ್ತು. ಮ್ಯಾನೇಜರರು ಚಹಾದ ಲೋಟಗಳನ್ನು ಒಟ್ಟುಮಾಡತೊಡಗಿದರು.

ಕಾರ್ಕಳದ ಬಸ್ಸು ಮಣಿಪಾಲದ ಮೇಲೆಯೇ ಹೋಗುವುದರಿಂದ ನಾನೂ ಏಜೆಂಟರೂ ಯಾವಾಗಲೂ ಒಟ್ಟಿಗೇ ಹೋಗುವುದು. ಬಸ್ಸು ಇಂದ್ರಾಳಿ ತಲುಪುವಾಗ ಅವರು ನನ್ನ ಕಡೆ ತಿರುಗಿ, ಪ್ಲಾಟ್‌ಫಾರ್ಮಿನ ಲೈಟು ಆರಿಸಿದಿರಾ ಎಂದು ಕೇಳಿದರು. ಮಾಳಿಗೆಯಿಂದ ಕೊನೆಗೆ ಇಳಿಯುವವನು ನಾನು, ಮೈನ್ ಸ್ವಿಚ್ಚು ಆರಿಸಿಯೇ ಬರುವುದು. ಹೌದು ಎಂದೆ. ಅವರ ಮುಖ ಇಳಿಯಿತು. ನಾನು ಮ್ಯಾನೇಜರರಿಗೆ ಫೋನ್ ಮಾಡಿದೆ. ಮೊಣಕಾಲು ನೋವಿನ ಮನುಷ್ಯ, ಬೈಯುತ್ತಾರೆ ಎಂದುಕೊಂಡಿದ್ದೆ. ಫೋನಿನಲ್ಲೇ ಮೆಟ್ಟಿಲು ಹತ್ತುವ ಉಬ್ಬಸ ಕೇಳಿಸಿತು. ಆಮೇಲೆ, ಲೈಟು ಹಾಕಿದ್ದೇನೆ, ಗಾಡಿ ಅಲ್ಲೇ ಉಂಟು ಅಂತ ಅವರಿಗೆ ಹೇಳಿ ಎಂದರು.

ಹೇಳಿದೆ. ಏಜೆಂಟರು ಸಿಗಡಿಯ ಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

“ಸ್ಟ್ಯಾಂಡಿನಲ್ಲಿ ಪರವೂರಿನವರು ಬಂದು ಕೇಳುವುದು, ಕಾರ್ಕಳಕ್ಕೆ ರೈಲು ಉಂಟಾ ಅಂತ,” ಎಂದರು. “ಇಲ್ಲ ಇಲ್ಲ ಅಂತ ಹೇಳಿ ಹೇಳಿ, ಕಡೆಕಡೆಗೆ ಅದು ನನ್ನದೇ ತಪ್ಪು ಅಂತ ಆಗಿತ್ತು ನನಗೆ.”

ಮಣಿಪಾಲ ಬಂದಿತ್ತು. ನಾನು ಇಳಿಯದೆ ಕಂಡಕ್ಟರನಿಗೆ ಇನ್ನೊಂದು ಟಿಕೆಟ್ ಕೇಳಿದೆ, ಕಾರ್ಕಳಕ್ಕೆ.