ತಪ್ಪಿದ ಅಕ್ಷರ ತೋರಿಸಿದ ಮನೆ

ಬಾದಾಮಿಯ ನಮ್ಮ ಮನೆಯ ಬಾಗಿಲಿಗೆ ಕಚೇರಿಯವರು ತಪ್ಪು ಸಂಕೇತದ ಫಲಕ ಬಡಿದು ಹೋದರು. ತಿದ್ದಿರೆಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. “ಒಂದ ಅಕ್ಷರಕ್ಕ ಇಷ್ಟ್ಯಾಕ ಒದ್ದಾಡ್ತೀರಿ ಅಜ್ಜಾರ, ಮನಿ ಏನ ಎದ್ದ ಹೋಗ್ತೈತೇನ್ರಿ?” ಎಂದು ಗುಮಾಸ್ತ ನಕ್ಕದ್ದನ್ನು ನಾನು ಮರೆತಿಲ್ಲ.

ಆ ಸಂಕೇತವೆಂದರೆ ಅಕ್ಷಾಂಶ, ರೇಖಾಂಶಗಳನ್ನು ಹತ್ತು ಅಕ್ಷರ-ಅಂಕಿಗಳಿಗೆ ಇಳಿಸಿದ ವಿಳಾಸ. ಮೊಬೈಲಿಗೆ ಕೊಟ್ಟರೆ ಭೂಮಿಯ ಮೇಲೆ ಒಂದು ಅಂಗಳದಷ್ಟು ಜಾಗವನ್ನು ತೋರಿಸುತ್ತದೆ. ಭೂಮಿ ಅಳೆಯುವ ಮೋಜಣಿ ಇಲಾಖೆಯಲ್ಲಿ ಸರಪಳಿ ಹಿಡಿದು ದುಡಿದ ನಾನು ಅಳತೆಗೆ ಸಿಗದ ಯಾವುದನ್ನೂ ನಂಬಿದವನಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಮಧ್ಯಾಹ್ನ, ಅಕ್ಕ ನೀಲವ್ವನಿಗೆ ಉಸಿರಾಡುವುದು ಕಷ್ಟವಾಯಿತು. ನಾನು ಅವಳನ್ನು ಹಿಡಿದು ಕುಳಿತಿದ್ದೆ. ಪಕ್ಕದ ಮನೆಯ ಸೊಸೆ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ತಪ್ಪೆಂದು ತಿಳಿಯದೆ ಫಲಕದ ಸಂಕೇತವನ್ನೇ ಓದಿ ಹೇಳಿದಳು. ಗಾಡಿ ಬಾಗಲಕೋಟೆಯಿಂದ ಹೊರಟಿತು.

ಅರ್ಧ ತಾಸಿಗೆ ಚಾಲಕನ ಫೋನ್ ಬಂತು, ಸೊಸೆ ಅದನ್ನು ನನಗೆ ಕೊಟ್ಟಳು. “ಅಜ್ಜಾರ, ನೀವು ಕೊಟ್ಟ ಜಾಗಾದಾಗ ಮನಿ ಇಲ್ರಿ. ಹಳೇ ಬಾಗಲಕೋಟಿ ಹಿನ್ನೀರಿನ ದಂಡಿ ಇದು. ನೀರ ಇಳದು ಒಂದ ಕಟ್ಟಿ ಕಲ್ಲ ಅಷ್ಟ ಕಾಣತೈತಿ. ಅದರ ಮ್ಯಾಲ ಯಾರೋ ಚೌಕಾಬಾರದ ಮನಿ ಕೊರದಾರ. ಒಂದ ಕಡೆ ಐದ, ಇನ್ನೊಂದ ಕಡೆ ಆರ.”

ಚೌಕಾಬಾರದ ಆಟಕ್ಕೆ ಎರಡೂ ಕಡೆ ಐದೇ ಮನೆ. ಹಳೇ ಬಾಗಲಕೋಟೆಯಲ್ಲಿ ನಾವು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಅಕ್ಕ ಮೊಳೆಯಿಂದ ಒಂದು ಸಾಲು ಹೆಚ್ಚು ಕೊರೆದು ಅವ್ವನ ಕೈಲಿ ಏಟು ತಿಂದಿದ್ದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದ ಮೇಲೆ, ಆ ಜಾಗವನ್ನು ಒಮ್ಮೆ ತೋರಿಸೆಂದು ಅವಳು ಕೇಳುತ್ತಲೇ ಇದ್ದಳು. ಎಷ್ಟು ಅಳೆದರೂ ನನಗೆ ಸಿಕ್ಕಿರಲಿಲ್ಲ.

ಫೋನಿನ ಮಾತು ಅವಳಿಗೂ ಕೇಳಿತ್ತು. “ಕಲ್ಲ ಇನ್ನೂ ಐತೇನೋ ತಮ್ಮಾ? ಅವ್ವಗ ಚಾಡಿ ಹೇಳಿದಾವ ನೀನ ಅಲ್ಲೇನು?” ಎಂದಳು, ಏದುಸಿರಿನಲ್ಲೇ ನಕ್ಕಳು.

ಆಟೋದಲ್ಲಿ ದವಾಖಾನೆಗೆ ಒಯ್ದೆವು. ಅರ್ಧ ತಾಸು ಮೊದಲು ತರಬೇಕಿತ್ತೆಂದರು ವೈದ್ಯರು. ಸಂಜೆಯ ಹೊತ್ತಿಗೆ ಅಕ್ಕ ಇರಲಿಲ್ಲ.

ಕಾರ್ಯ ಮುಗಿಸಿ ಆ ದಂಡೆಗೆ ಹೋದೆ. ಮೊಬೈಲು ತೋರಿಸಿದ ಚೌಕದೊಳಗೆ ಅದೇ ಕಲ್ಲಿತ್ತು. ಆರನೆಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಹತ್ತರಲ್ಲಿ ತಪ್ಪಿದ್ದು ಒಂದೇ ಅಕ್ಷರ. ಅದು ಬಾದಾಮಿಯ ನಮ್ಮ ಮನೆಯನ್ನು ನೇರ ಉತ್ತರಕ್ಕೆ ಒಯ್ದು, ನಾವು ಕಳೆದುಕೊಂಡ ಅಂಗಳದಲ್ಲೇ ಇಳಿಸಿತ್ತು. ಅದು ಹೇಗೆ ಸಾಧ್ಯವೆಂದು ನನಗೆ ಇಂದಿಗೂ ತಿಳಿದಿಲ್ಲ.

ಫಲಕ ತಿದ್ದಿರೆಂದು ನಾನಿನ್ನು ಕೇಳುವುದಿಲ್ಲ. ನನ್ನ ನಾಲ್ಕನೆಯ ಅರ್ಜಿಯಲ್ಲಿರುವುದು ಒಂದೇ ಪ್ರಶ್ನೆ: ಅಕ್ಕನ ಅರ್ಧ ತಾಸನ್ನು ಕಸಿದ ಆ ಅಕ್ಷರವನ್ನು ನಿಮಗೆ ಹೇಳಿಕೊಟ್ಟವರು ಯಾರು?