ಕುಮುದಿನಿ ದೀದಿ ಬರೆದುಕೊಡುವ ಚೀಟಿ

ಬೆಳಗಿನ ಐದೂವರೆ. ಒಡಿಶಾದ ಬರ್ಗಢದ ಬಸ್ ನಿಲ್ದಾಣದ ಹಿಂದಿನ ರಕ್ತ ಪರೀಕ್ಷಾ ಕೇಂದ್ರದಲ್ಲಿ ಕುಮುದಿನಿ ಮೆಹೆರ್ ಆಗಲೇ ಸೂಜಿ ಹಿಡಿದು ನಿಂತಿದ್ದಾರೆ. ಮೊದಲ ಬಸ್ಸಿಗೆ ಬಂದ ಮುದುಕರೊಬ್ಬರು ಗೊಣಗುತ್ತಾರೆ: "ಪಖಾಲದ ತಂಗಳನ್ನ ಉಂಡು ಬರಬೇಡ ಅಂದ್ರಿ. ಹೊಟ್ಟೆ ಖಾಲಿ, ಈಗ ರಕ್ತಾನೂ ಖಾಲಿ ಮಾಡ್ತೀರಾ ದೀದಿ?"

"ನಿಮ್ಮಲ್ಲಿ ಇರೋದೇ ಒಂದಿಷ್ಟು ಮೌಸಾ, ಅದನ್ನೆಲ್ಲಾ ತಗೊಂಡು ನಾನೇನ್ ಮಾಡ್ಲಿ?" ಎನ್ನುವಷ್ಟರಲ್ಲಿ ಚುಚ್ಚಿ ಮುಗಿದಿರುತ್ತದೆ.

ದಿನಕ್ಕೆ ನಲವತ್ತು ಮಂದಿಯ ರಕ್ತ. ಹೀಗೆ ಇಪ್ಪತ್ತಾರು ವರ್ಷ. ಗಾಜಿನ ಪಟ್ಟಿಯ ಮೇಲೆ ಹನಿ ಸವರಿ, ನೇರಳೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ ಎಣಿಸುವುದು ಅವರ ಕೆಲಸ. ಕಾಯಿಲೆಯ ಹೆಸರು ಹೇಳುವುದು ಡಾಕ್ಟರ ಕೆಲಸ. ಆ ಗೆರೆಯನ್ನು ಅವರು ಬಹಳ ಕಾಲ ದಾಟಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಪಕ್ಕದ ಬೀದಿಯ ನೇಕಾರ ತ್ರಿನಾಥ, ಹದಿನಾಲ್ಕರ ಮಗಳು ಲಿಪಿಕಾಳನ್ನು ಕರೆತಂದಿದ್ದರು. ಬಿಡದ ಜ್ವರ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ.

"ನೋಡಿದ ಕೂಡ್ಲೇ ಗೊತ್ತಾಯ್ತು," ಎನ್ನುತ್ತಾರೆ ಕುಮುದಿನಿ. "ಎಲ್ಲಿ ನೋಡಿದ್ರೂ ಬಲಿಯದ ಬಿಳಿ ಕಣಗಳೇ. 'ಏನಾದ್ರೂ ಇದೆಯಾ ದೀದಿ?' ಅಂತ ಕೇಳ್ದ. 'ಡಾಕ್ಟರಿಗೆ ತೋರ್ಸು, ಅವ್ರು ಹೇಳ್ತಾರೆ' ಅಂದೆ. ಯಾವ ಡಾಕ್ಟರಿಗೆ ಅಂತ ಹೇಳ್ಲಿಲ್ಲ. ಆ ಕಣಗಳ ವಿಷ್ಯ ವರದಿಯ ಕೊನೇ ಸಾಲಲ್ಲಿ ಇಂಗ್ಲಿಷಲ್ಲಿ ಬರ್ದಿದ್ದೆ. ಯಾರೂ ಓದ್ಲಿಲ್ಲ."

ಒಬ್ಬರು ಟಾನಿಕ್ ಕೊಟ್ಟರು, ಇನ್ನೊಬ್ಬರು ಕಾಮಾಲೆ ಎಂದರು. ಕಟಕ್‌ನ ದೊಡ್ಡಾಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ನೋಡುವ ಡಾಕ್ಟರು ಸಿಗುವ ಹೊತ್ತಿಗೆ ಏಳು ವಾರ ಕಳೆದಿತ್ತು. ಅಲ್ಲಿ ಸೇರಿದ ಎಂಟನೇ ದಿನಕ್ಕೆ ಹುಡುಗಿ ತೀರಿಹೋದಳು.

ಈಗ ಅಂಥ ಕಣ ಕಂಡರೆ ಕುಮುದಿನಿ ತಾವೇ ಕಟಕ್‌ಗೆ ಫೋನ್ ಮಾಡುತ್ತಾರೆ. ಆ ಡಾಕ್ಟರು ಯಾವ ದಿನ ಕೂರುತ್ತಾರೆ, ಯಾವ ಕೋಣೆಯಲ್ಲಿ ಎಂದು ಕೇಳಿ, ಒಡಿಯಾದಲ್ಲಿ ದಪ್ಪಕ್ಷರದ ಚೀಟಿ ಬರೆದು, ಗಾಜಿನ ಪಟ್ಟಿಯನ್ನೂ ಸುತ್ತಿ ಕೈಗಿಡುತ್ತಾರೆ. "ನೀನೇನು ಡಾಕ್ಟರಾ?" ಎಂದು ಕೇಂದ್ರದ ಮಾಲೀಕರು ರೇಗಿದ್ದುಂಟು. "ದಾರಿ ಹೇಳೋಕೂ ಡಾಕ್ಟರಾಗ್ಬೇಕಾ ಬಾಬು?" ಎಂದರಂತೆ ಇವರು.

ಇದುವರೆಗೆ ಮೂವತ್ತೊಂದು ಚೀಟಿ. ಹತ್ತೊಂಬತ್ತು ಮಂದಿ ವಾಪಸ್ ಬಂದು ಮುಖ ತೋರಿಸಿದ್ದಾರೆ. "ಮಿಕ್ಕವರ ಮನೆಗೆ ಹೋಗಿ ಕೇಳೋ ಧೈರ್ಯ ನನಗಿಲ್ಲ."

ಸಕ್ಕರೆ ಕಾಯಿಲೆಯ ತ್ರಿನಾಥ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಸೂಜಿಗೆ ಬೇರೆ ಯಾರ ಮುಂದೆಯೂ ತೋಳು ಚಾಚುವುದಿಲ್ಲ.

"ಅವತ್ತೇ ಗೊತ್ತಾಗಿತ್ತು ಅಂತ ಅವನಿಗೆ ಎಲ್ಲಾ ಹೇಳ್ಬಿಟ್ಟಿದ್ದೀನಿ. ಚುಚ್ಚಿದ ತೋಳು ಮಡಚ್ಕೊಂಡು ಎದ್ದು ಹೋದ. ಮತ್ತೆ ಬಂದ. ಒಂದೇ ಒಂದ್ಸಲ ಬಾಯ್ತುಂಬ ಬೈದುಬಿಡ್ಲಿ ಅಂತ ಕಾಯ್ತಾ ಇದ್ದೀನಿ ನಾನು."